ಹಿಂದಿನ ಗಾಜಿನ ಮೀಸೆ

ವೆಂಕಟೇಶ ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ತನಗೆ ಪರಿಚಯವೇ ಇಲ್ಲದ ಒಬ್ಬ ಹಿರಿಯರ ಬಲಗಿವಿಯನ್ನು ಉಜ್ಜುತ್ತಿದ್ದ. ಕಿವಿ ಜಗ್ಗಲಿಲ್ಲ. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಮತ್ತೆ ಉಜ್ಜಿದ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಓಣಿಗೆ ಇನ್ನೂ ಹಾಲಿನವನೂ ಬಂದಿರಲಿಲ್ಲ. ಬಟ್ಟೆಯಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಮತ್ತೇನೂ ಕೇಳುತ್ತಿರಲಿಲ್ಲ. ಕಾರಿನ ಹಿಂದಿನ ಗಾಜಿನ ತುಂಬ ಅಂಟಿಕೊಂಡಿದ್ದ ಆ ಹಿರಿಯರು ಮಾತ್ರ, ಹಣೆಯ ತುಂಬ ವಿಭೂತಿ, ಗಲ್ಲದವರೆಗೆ ಹಬ್ಬಿದ ಬಿಳಿ ಮೀಸೆ ಸಮೇತ ಅವನನ್ನೇ ನೋಡಿ ನಗುತ್ತಿದ್ದರು. ಕೆಳಗೆ ಕೆಂಪು ಅಕ್ಷರದಲ್ಲಿ 'ಅಪ್ಪನ ಆಶೀರ್ವಾದ' ಎಂದಿತ್ತು.

ಆ ಅಪ್ಪ ವೆಂಕಟೇಶನ ಅಪ್ಪನಲ್ಲ. ತಕರಾರೆಲ್ಲ ಇದ್ದದ್ದು ಅಲ್ಲೇ.

ಕಾರು ಕೊಳ್ಳುವ ಆಸೆ ವೆಂಕಟೇಶನಿಗೆ ತಾನಾಗಿ ಹುಟ್ಟಿದ್ದಲ್ಲ. ಹುಟ್ಟಿಸಿದವನು ಅವನ ಹೆಂಡತಿ ಸುಮೇಧಾಳ ತಮ್ಮ, ಸಿರುಗುಪ್ಪದಲ್ಲಿದ್ದ ಸುಜಯೀಂದ್ರ. ಹಬ್ಬವಿರಲಿ, ಹರಿದಿನವಿರಲಿ, ವೆಂಕಟೇಶ ಬೆವರಿಗೆ ಬೆನ್ನಿಗಂಟಿದ ಅಂಗಿಯಲ್ಲಿ ಗೇಟು ತೆಗೆದು ಒಳಗೆ ಕಾಲಿಟ್ಟನೆಂದರೆ ಸುಜಯೀಂದ್ರ ನಾಲ್ಕು ಜನರೆದುರು ಒಂದೇ ಮಾತು ಕೇಳುತ್ತಿದ್ದ: “ಬಸ್ಸಿಗೆ ಬಂದ್ರೇನು ಭಾವಾ?” ಈ ಮಾತಿನಲ್ಲಿ ತಪ್ಪು ಹುಡುಕಲು ಹೋದರೆ ಸಿಗುವುದಿಲ್ಲ. ಬಂದದ್ದು ಬಸ್ಸಿಗೇ. ಕೇಳಿದ್ದು ಭಾವನನ್ನೇ. ಹಾಗಿರುವುದರಿಂದಲೇ ಅದನ್ನು ಸಹಿಸುವುದು ಕಷ್ಟವಾಗಿತ್ತು. ಬೈದಿದ್ದರೆ ತಿರುಗಿ ಬೈಯಬಹುದು. ವಿಚಾರಿಸಿದವನಿಗೆ ಏನು ಮಾಡುವುದು?

ಈಗ ಸುಜಯೀಂದ್ರನ ಮಗನ ಮುಂಜಿ ಬಂದಿತ್ತು. ಕಂಟೋನ್ಮೆಂಟಿನ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತನಾಗಿದ್ದ ವೆಂಕಟೇಶ ಊಟದ ಬಿಡುವಿನಲ್ಲಿ ಫೋನು ಹಿಡಿದು, ಬಿಳಿ ಕೈಗವಸಿನ ಎರಡು ಕೈಗಳು ತುಕ್ಕು ಹಿಡಿದ ಕಾರುಗಳನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮದುಮಗನಂತೆ ಮಾಡುವ ವಿಡಿಯೋಗಳನ್ನು ನೋಡಿದ್ದ. ಹೊಸ ಕಾರು ಯಾರು ಬೇಕಾದರೂ ತರುತ್ತಾರೆ, ಹಳೆಯದನ್ನು ಹೊಸದು ಮಾಡಿ ತರುವವನ ಗತ್ತೇ ಬೇರೆ ಎಂದು ತೀರ್ಮಾನಿಸಿದ. ಕುರುಗೋಡಿನಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟ ದೊಡ್ಡಬಸವರಾಜನ ಮನೆಯ ಬೇವಿನ ಮರದ ಕೆಳಗೆ ಕೆನೆ ಬಣ್ಣದ ಅಂಬಾಸಿಡರ್ ಒಂದು ಸುಮ್ಮನೆ ನಿಂತಿದೆ ಎಂದು ಕೇಳಿ, ಹೋಗಿ ತಂದ. ಸಿರುಗುಪ್ಪಕ್ಕೆ ಸುದ್ದಿ ಕೊಡಕೂಡದೆಂದು ಮನೆಯವರಿಗೆಲ್ಲ ತಾಕೀತು ಮಾಡಿದ. ಸುಜಯೀಂದ್ರ ಬಾಯಿ ತೆರೆದು 'ಬಸ್ಸಿಗೆ' ಎನ್ನುವಷ್ಟರಲ್ಲಿ ಕಾರಿನ ಬಾಗಿಲು ಧಡ್ ಎಂದು ಹಾಕಬೇಕು. ಆ ಸದ್ದನ್ನು ಅವನು ಮನಸ್ಸಿನಲ್ಲೇ ಎಷ್ಟೋ ಸಲ ಕೇಳಿಕೊಂಡಿದ್ದ.

ಗಾಜಿನ ಮೇಲಿನ ಮುಖದ ವಿಷಯ ಅವನು ಅಲ್ಲೇ ಕೇಳದೆ ಇರಲಿಲ್ಲ.

“ನಮ್ಮಪ್ಪ, ತಿಪ್ಪೇರುದ್ರಪ್ಪ,” ಎಂದಿದ್ದ ದೊಡ್ಡಬಸವರಾಜ. “ಗೊಬ್ಬರ, ಔಷಧದ ಅಂಗಡಿ ಇತ್ತು ಅವರದು. ತೀರಿಕೊಂಡ ವರ್ಷ ಅಂಟಿಸೀನ್ರಿ.”

“ತಗದು ಕೊಡ್ರಲ್ಲ ಮತ್ತ.”

“ಹೆತ್ತ ಅಪ್ಪನ ಮುಖಕ್ಕ ನಾನು ಹೆಂಗ ಉಗುರು ಹಾಕ್ಲಿ? ನೀವಾದ್ರ ಹೊರಗಿನವರು, ನಿಮಗ ಪಾಪ ಇಲ್ಲ. ಆರಾಮ ಬರ್ತೈತಿ, ತಗೀರಿ.”

ಯಾವುದರಿಂದ ಅಂಟಿಸಿದ್ದೆಂದು ಅವನು ಹೇಳಲಿಲ್ಲ. ಇವನಿಗೂ ಕೇಳಲು ಹೊಳೆಯಲಿಲ್ಲ.

ಹೀಗೆ ಕಿವಿ ಉಜ್ಜುತ್ತಿರುವಾಗ ಎದುರುಮನೆಯ ವಿರೂಪಾಕ್ಷಿ ಹೊರಗೆ ಬಂದ. ಕರೆಂಟಿನ ಆಫೀಸಿನಿಂದ ನಿವೃತ್ತನಾದ ಮೇಲೆ ಓಣಿಯ ಹುಟ್ಟುಸಾವುಗಳ ಜವಾಬ್ದಾರಿಯನ್ನು ತಾನೇ ವಹಿಸಿಕೊಂಡಿದ್ದ ಮನುಷ್ಯ. ಬೆಳಗಿನ ಮಬ್ಬಿನಲ್ಲಿ ಅವನಿಗೆ ಕಂಡದ್ದು ಇಷ್ಟು: ಒದ್ದೆ ಪಂಚೆಯುಟ್ಟು ಮೌನವಾಗಿ ನಿಂತ ವೆಂಕಟೇಶ, ಪಕ್ಕದಲ್ಲಿ ನೀರಿನ ಬಕೆಟ್ಟು, ಮನೆ ಮುಂದೆ ಬಿಳಿ ಗಾಡಿ, ಗಾಡಿಯ ಮೇಲೆ ವಿಭೂತಿಯ ಹಿರಿಯರ ದೊಡ್ಡ ಫೋಟೋ. ವಿರೂಪಾಕ್ಷಿ ಚಪ್ಪಲಿ ಬಿಟ್ಟು ಹತ್ತಿರ ಬಂದ.

“ಯಾವಾಗ ಆತು ಆಚಾರ್ರ?”

“ನಿನ್ನೆ ಸಂಜೀಗೆ.” ಕಾರು ಬಂದದ್ದು ನಿನ್ನೆ ಸಂಜೆಯೇ.

“ನನಗೊಂದು ಮಾತು ಹೇಳಬಾರದಿತ್ತೇನು. ಎಷ್ಟಾಗಿತ್ತು ವಯಸ್ಸು?”

“ಮೂವತ್ತರ ಮ್ಯಾಲೆ ಆಗ್ಯದ.”

ವಿರೂಪಾಕ್ಷಿ ಬಿಳಿ ಮೀಸೆಯನ್ನು ನೋಡಿದ. “ನೋಡಾಕ ಹೆಚ್ಚು ಕಾಣ್ತೈತಿ.”

“ಬಿಸಿಲಾಗ ನಿಲ್ಲಿಸಿಬಿಟ್ಟಿದ್ರು. ಯಾರೂ ಕೇಳೋರಿಲ್ಲ.”

“ಪಾಪ. ಮನಿ ಮಂದಿ?”

“ಮಗ ಇದ್ದಾನ ಕುರುಗೋಡದಾಗ. ಇಟಗೊಂಡು ಏನು ಮಾಡ್ಲಿ ಅಂತ ನನಗ ಕೊಟ್ಟುಬಿಟ್ಟ.”

ವಿರೂಪಾಕ್ಷಿಯ ಕಣ್ಣು ತುಂಬಿತು. ಹೆತ್ತ ತಂದೆಯನ್ನು ಹೀಗೆ ಊರ ಮೇಲೆ ಬಿಟ್ಟ ಮಗನಿಗೆ ಮನಸ್ಸಿನಲ್ಲೇ ಶಾಪ ಹಾಕಿ, ಪರಜಾತಿಯ ಮುದುಕರನ್ನು ಕೊನೆಗಾಲಕ್ಕೆ ಮನೆಗೆ ತಂದಿಟ್ಟುಕೊಂಡ ಈ ಗುಮಾಸ್ತನನ್ನು ಹೊಸ ಗೌರವದಿಂದ ನೋಡಿದ. “ನೀವು ಪುಣ್ಯವಂತ್ರು ಬಿಡ್ರಿ. ಮುಂದಿನ ಕೆಲಸ?”

“ಇಲ್ಲೇ ಮನಿ ಮುಂದನ ಮಾಡ್ತೀನಿ. ಮೊದಲು ತೊಳದು ಸ್ವಚ್ಛ ಆಗಬೇಕು. ಒಳಗಿಂದ ವಾಸನಿ ಬ್ಯಾರೆ ಹೊಂಟದ.”

“ಹಂಗಾರ ತಡ ಮಾಡಬ್ಯಾಡ್ರಿ,” ಎಂದು ವಿರೂಪಾಕ್ಷಿ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಫೋನು ತೆಗೆದು ಹಿರಿಯರ ಮುಖದ್ದೊಂದು ಫೋಟೋ ಹೊಡೆದುಕೊಂಡು, ಹೆಸರು ಕೇಳಿಕೊಂಡು, ಕೈಮುಗಿದು ಹೋದ. ಒಳ್ಳೆಯ ಮನುಷ್ಯ, ಹಳೆಯ ಕಾರಿನ ಮೇಲೆ ಎಷ್ಟು ಭಕ್ತಿ ಎಂದುಕೊಂಡ ವೆಂಕಟೇಶ.

ಫೋಟೋ ಓಣಿಯ ವಾಟ್ಸಾಪ್ ಗುಂಪಿಗೆ ಹೋಯಿತು. 'ಕುರುಗೋಡಿನ ತಿಪ್ಪೇರುದ್ರಪ್ಪನವರು ನಮ್ಮ ವೆಂಕಟೇಶ ಆಚಾರ್ಯರ ಮನೆಯಲ್ಲಿ ನಿಧನರಾದರೆಂದು ತಿಳಿಸಲು ವಿಷಾದವಾಗುತ್ತದೆ.' ಕೆಳಗೆ ಮುಗಿದ ಕೈಗಳ ಸಾಲು. ಅಲ್ಲಿಂದ ಅದು ಬೇರೆ ಗುಂಪುಗಳಿಗೂ ಹೋಯಿತು. ಹೋಗುತ್ತ ಹೋಗುತ್ತ ಕುರುಗೋಡು ಕಳಚಿತು, ತಿಪ್ಪೇರುದ್ರಪ್ಪ ಕಳಚಿದರು. 'ವೆಂಕಟೇಶ ಆಚಾರ್ಯರ ಮನೆಯಲ್ಲಿ ನಿಧನ' ಎಂಬುದಷ್ಟೇ ಉಳಿಯಿತು.

ಮೊದಲು ಬಿಸಿ ಮುಟ್ಟಿದ್ದು ವೆಂಕಟೇಶನ ತಾಯಿ ಸರಸ್ವತಿಬಾಯಿಗೆ. ಮಠಕ್ಕೆ ಹೋದವರು ಹೋದಷ್ಟೇ ಬೇಗ ತಿರುಗಿ ಬಂದರು. ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಯಿತು.

“ನಮ್ಮನಿಯೊಳಗ ಯಾರೋ ಹೋದದ್ದು?”

“ಎಲ್ಲಿಗೆ?”

“ಮ್ಯಾಲೆ. ಮಠದೊಳಗ ನನಗ ತೀರ್ಥ ಕೊಡಲಿಲ್ಲ. ಸೂತಕ ಅಂತ ಕಂಬದ ಆಕಡೆ ನಿಲ್ಲಿಸಿದ್ರು. ಇಷ್ಟು ವರ್ಷದಾಗ ನನ್ನನ್ನ ಯಾರೂ ಕಂಬದ ಆಕಡೆ ನಿಲ್ಲಿಸಿದ್ದಿಲ್ಲ. ಆ ಫೋಟೋದವರು ನನಗ ಭಾವ ಅಂತ, ಮೈದುನ ಅಂತ, ಒಬ್ಬೊಬ್ಬರು ಒಂದೊಂದು ಹೇಳ್ಯಾರ. ವಿಭೂತಿ ಹಚ್ಚಿದ ಮೈದುನನ್ನ ಎಲ್ಲಿಂದ ತರ್ಲೋ ನಾನು?”

ವೆಂಕಟೇಶ ಉತ್ತರ ಕೊಡುವಷ್ಟರಲ್ಲಿ ಸಿರುಗುಪ್ಪದಿಂದ ಫೋನು ಬಂತು.

“ಭಾವಾ, ನಿಮ್ಮನಿಯೊಳಗ ಏನೋ ಆಯ್ತಂತ. ಸೂತಕ ಇದ್ರ ಮುಂಜಿಗೆ ಹೆಂಗ? ಬರೋದು ಬಿಡೋದು ನೀವೇ ವಿಚಾರ ಮಾಡ್ರಪ್ಪಾ.”

“ಯಾರೂ ಹೋಗಿಲ್ಲೋ. ಅದು ಗಾಡಿ ಗಾಜಿನ ಮ್ಯಾಲಿನ ಫೋಟೋ.”

“ಗಾಡಿ? ಯಾರ ಗಾಡಿ?”

ವೆಂಕಟೇಶನ ನಾಲಿಗೆ ತುದಿಗೆ 'ನಂದು' ಬಂದು ನಿಂತಿತು. ಆದರೆ ಇಲ್ಲಿ ಹೇಳಿಬಿಟ್ಟರೆ ಅಲ್ಲಿ ಬಾಗಿಲು ಧಡ್ ಎಂದು ಹಾಕಿ ಏನು ಪ್ರಯೋಜನ? ಅವನು ನುಂಗಿಕೊಂಡ.

“ಯಾರದೋ ಒಂದು ಗಾಡಿ ಬಿಡು,” ಎಂದ.

ಮನುಷ್ಯ ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆಯುವಾಗ ಎಷ್ಟು ಜಾಣತನದಿಂದ ಹೊಸೆಯುತ್ತಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಖವೊಂದು ಹೋದರೆ ಎಲ್ಲ ಸರಿಹೋಗುತ್ತದೆ ಎಂದು ಅವನು ಟೊಂಕ ಕಟ್ಟಿ ನಿಂತ. ವಿಡಿಯೋದಲ್ಲಿ ಬಿಳಿ ಕೈಗವಸು ಒಮ್ಮೆ ಪುಸ್ ಎನ್ನಿಸಿ ಒಮ್ಮೆ ಒರೆಸಿದರೆ ಮುಗಿಯುತ್ತಿತ್ತು. ಏನನ್ನು ಪುಸ್ ಎನ್ನಿಸಿದರು ಎಂಬುದನ್ನು ಮಾತ್ರ ತೋರಿಸುತ್ತಿರಲಿಲ್ಲ. ಅಷ್ಟರಲ್ಲಿ ನಿಜ ತಿಳಿದುಕೊಂಡಿದ್ದ, ಮಾಡಿದ ಎಡವಟ್ಟಿಗೆ ಪ್ರಾಯಶ್ಚಿತ್ತವೆಂದು ವಿರೂಪಾಕ್ಷಿ ಸಲಹೆ ಕೊಡಲು ಎದುರಿಗೇ ಕುರ್ಚಿ ಹಾಕಿ ಕುಳಿತ.

“ಚಿಮಣಿ ಎಣ್ಣಿ ಹಚ್ರಿ ಆಚಾರ್ರ. ಅದಕ್ಕ ಬಿಡದ ವಸ್ತು ಇಲ್ಲ.”

ಸೀಮೆಎಣ್ಣೆ ಹಚ್ಚಿದ. ಹಿರಿಯರ ಮುಖಕ್ಕೆ ಮದುವೆ ಮನೆಯ ಕಳೆ ಬಂತು, ಅಷ್ಟೇ. ಹುಣಸೆಹಣ್ಣು ತಿಕ್ಕಿದ. ತಾಮ್ರದ ಕೊಡ ಬೆಳಗಿದಂತೆ ವಿಭೂತಿ ಇನ್ನೂ ಬೆಳ್ಳಗಾಯಿತು. ಸುಮೇಧಾಳ ಉಗುರಿನ ಬಣ್ಣ ತೆಗೆಯುವ ಶೀಸೆ ಖಾಲಿ ಮಾಡಿದ. 'ಅಪ್ಪನ ಆಶೀರ್ವಾದ' ಪೂರ್ತಿ ಅಳಿಸಿತು. ಅಪ್ಪ ಅಲ್ಲೇ ಇದ್ದರು.

“ಇದ್ದ ಒಂದು ಆಶೀರ್ವಾದಾನೂ ಕಳಕೊಂಡ್ರಿ,” ಎಂದಳು ಸುಮೇಧಾ, ಬರಿದಾದ ಶೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತ.

ಡಿಕ್ಕಿಯದು ಇನ್ನೊಂದು ಕತೆ. ತಿಪ್ಪೇರುದ್ರಪ್ಪನವರು ಬದುಕಿದ್ದಾಗ ಹತ್ತಿಗೆ ಹೊಡೆಯುವ ಯಾವುದೋ ಔಷಧದ ಡಬ್ಬಿ ಅದರಲ್ಲಿ ಉರುಳಿ, ಒಡೆದು, ತಗಡಿನ ಸಂದುಸಂದಿಗೂ ಇಳಿದಿತ್ತು. ಡಿಕ್ಕಿ ತೆರೆದರೆ ಓಣಿಯ ಸೊಳ್ಳೆಗಳು ಒಂದು ವಾರದ ಮಟ್ಟಿಗೆ ಊರು ಬಿಡುವಂಥ ವಾಸನೆ. ಅಡುಗೆ ಸೋಡಾ ಎರಚಿದ. ನಿಂಬೆಹಣ್ಣು ಹಿಂಡಿದ. ಸಾಬೂನಿನ ಪುಡಿ ಹಾಕಿ ತಿಕ್ಕಿದ. ಕಾಫಿಪುಡಿ ವಾಸನೆ ಹೀರುತ್ತದೆಂದು ವಿರೂಪಾಕ್ಷಿ ಹೇಳಿದ ಮೇಲೆ ಅದನ್ನೂ ಸುರಿದ. ವಾಸನೆ ಹೋಗಲಿಲ್ಲ, ಬಳಗ ಕಟ್ಟಿಕೊಂಡಿತು. ಮರುದಿನದಿಂದ ಡಿಕ್ಕಿ ತೆರೆದರೆ ಹತ್ತಿ ಹೊಲದ ನಡುವೆ ಕುಳಿತು ಯಾರೋ ನಿಂಬೆಹಣ್ಣು ಹಿಂಡಿದ ಕಾಫಿ ಕುಡಿಯುತ್ತಿರುವಂತೆ ಇರುತ್ತಿತ್ತು.

ಕೊನೆಗೆ ಥಿನ್ನರ್ ಬಂತು. ಬಣ್ಣದ ಅಂಗಡಿಯವನು ಹೆಚ್ಚು ಬಳಸಬೇಡಿ ಎಂದಿದ್ದ. ವೆಂಕಟೇಶ ಹೆಚ್ಚು ಬಳಸಲಿಲ್ಲ. ಡಬ್ಬಿಯೇ ಮಗುಚಿ ಬಿತ್ತು. ಡಿಕ್ಕಿಯ ಮುಚ್ಚಳದ ಮೇಲಿಂದ ಹರಿದ ಥಿನ್ನರ್, ಸಿರುಗುಪ್ಪದ ಬದಿಗೆ ತುಂಗಭದ್ರೆ ತಿರುಗಿ ಹರಿದಂತೆ ಬಳುಕುತ್ತ ಇಳಿದು, ಹೋದ ದಾರಿಯುದ್ದಕ್ಕೂ ಕೆನೆ ಬಣ್ಣವನ್ನು ಎಬ್ಬಿಸಿಕೊಂಡು ಹೋಯಿತು. ವೆಂಕಟೇಶ ಗಾಬರಿಗೆ ಕೈಗೆ ಸಿಕ್ಕ ಬಟ್ಟೆಯನ್ನು ಹಗ್ಗದ ಮೇಲಿನಿಂದ ಸರಕ್ಕನೆ ಎಳೆದು ಅಲ್ಲಿ ಒತ್ತಿದ, ಇಲ್ಲಿ ಒತ್ತಿದ, ಮುಖದ ಮೇಲೂ ಒತ್ತಿದ. ಮೆತ್ತಗಾಗಿದ್ದ ಅಂಟು ಬಟ್ಟೆಯನ್ನು ಹಿಡಿದುಕೊಂಡಿತು. ಎಳೆದರೆ ಬರಲಿಲ್ಲ.

ಅದು ಸರಸ್ವತಿಬಾಯಿ ನಾಳೆಯ ಅಡುಗೆಗೆಂದು ಯಾರೂ ಮುಟ್ಟದಂತೆ ಒಣಹಾಕಿದ್ದ ಮಡಿ ಸೀರೆ.

ತಾಯಿ ಹೊಸ್ತಿಲಲ್ಲಿ ಬಂದು ನಿಂತರು. ಸೀರೆಯನ್ನು ನೋಡಿದರು, ಮೀಸೆಯನ್ನು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ನನ್ನ ಮಡಿ ಸೀರಿ ಆ ಪುಣ್ಯಾತ್ಮನ ಗಲ್ಲಕ್ಕ ಯಾಕ ಅಂಟಿಸಿದಿ?”

“ಅಂಟಿಸಿಲ್ಲಮ್ಮಾ. ಅಂಟಿತು.”

“ನಿನಗ ಕಾರು ಬೇಕಿತ್ತು. ನನಗ ಸೀರಿ ಇತ್ತು. ಈಗ ಇಬ್ಬರಿಗೂ ಏನಿಲ್ಲ.”

ವೆಂಕಟೇಶನಿಗೆ ಸಿಟ್ಟು ನೆತ್ತಿಗೇರಿತು. ತನ್ನ ಗಾಡಿ, ತನ್ನ ಗಾಜು, ತನ್ನ ಮನೆಯ ಅಂಗಳ. ನಡುವೆ ಈ ಮೀಸೆಯವರು ಯಾರು? ಬದುಕಿದ್ದಾಗ ಒಂದು ದಿನ ಮುಖ ನೋಡದವರು ಸತ್ತ ಮೇಲೆ ಬಂದು ತೀರ್ಥ ತಪ್ಪಿಸಿದರು, ಮಡಿ ಕೆಡಿಸಿದರು, ಬಣ್ಣ ತಿಂದರು. ಅವನು ಒಳಗೆ ಹೋಗಿ ಗಡ್ಡ ಕೆರೆಯುವ ಬ್ಲೇಡು ತಂದ. ಸೀರೆಯನ್ನು ಕತ್ತರಿಸಿ ಬಿಡಿಸಿ, ಬ್ಲೇಡನ್ನು ನೇರ ಹಣೆಯ ಮೇಲಿಟ್ಟ. ವಿರೂಪಾಕ್ಷಿ ಅದರದ್ದೂ ಒಂದು ಫೋಟೋ ಹೊಡೆದು ಗುಂಪಿಗೆ ಹಾಕಿದ. ಈ ಸಲ ಅವನ ಉದ್ದೇಶ ಸ್ಪಷ್ಟೀಕರಣ ಕೊಡುವುದಾಗಿತ್ತು.

ಮುಂಜಿಯ ಹಿಂದಿನ ದಿನ, ಮಧ್ಯಾಹ್ನ ಊಟ ಮುಗಿಸಿ ಸಿರುಗುಪ್ಪಕ್ಕೆ ಹೊರಡಬೇಕು ಎಂದಿದ್ದಾಗ, ಬೆಳಿಗ್ಗೆಯೇ ಒಂದು ಆಟೋ ಬಂದು ಮನೆ ಮುಂದೆ ನಿಂತಿತು. ದೊಡ್ಡಬಸವರಾಜ ಇಳಿದ. ಅವನ ಹಿಂದೆ, ಸೆರಗು ತಲೆಯ ಮೇಲೆ ಹೊದ್ದ ಅವನ ತಾಯಿ ಗುರುಬಸಮ್ಮ ಇಳಿದರು. ಕಾರಿನ ಹಿಂದೆ ಬಂದು, ಗಾಜನ್ನು ಒಮ್ಮೆ ನೋಡಿ, ವಿರೂಪಾಕ್ಷಿ ಬಿಟ್ಟೆದ್ದ ಕುರ್ಚಿಯಲ್ಲಿ ಕುಳಿತರು.

“ನಮ್ಮನಿಯವರು ಮೊನ್ನೆ ಮತ್ತ ಸತ್ತರಂತ,” ಎಂದರು. “ಒಂದು ಸಲ ನೋಡಿ ಹೋಗೋಣ ಅಂತ ಬಂದೆ.”

ಓಣಿಯಲ್ಲಿ ಯಾರೂ ನಗಲಿಲ್ಲ. ಕುರುಗೋಡಿನಲ್ಲಿ ಅವರ ಮನೆಗೆ ಜನ ಹಾರ ಹಿಡಿದುಕೊಂಡು ಬಂದಿದ್ದರಂತೆ. ತಿಪ್ಪೇರುದ್ರಪ್ಪನವರು ಇಷ್ಟು ದಿನ ಬಳ್ಳಾರಿಯಲ್ಲಿ ಬೇರೊಂದು ಮನೆಯಲ್ಲಿದ್ದರೇ, ಹಾಗಾದರೆ ಅಂದು ಮಣ್ಣು ಕೊಟ್ಟದ್ದು ಯಾರಿಗೆ ಎಂದು ಬೀಗರು ಮುಖಕ್ಕೇ ಕೇಳಿದ್ದರಂತೆ.

“ನಿಮಗ ಮಾರಿದ್ದು ಗಾಡಿ,” ಎಂದರು ಗುರುಬಸಮ್ಮ. “ಗಂಡನ್ನ ಮಾರಿಲ್ಲ ನಾನು. ಹಣಿ ಮ್ಯಾಲೆ ಬ್ಲೇಡ್ ಇಟ್ಟ ಫೋಟೋ ನನ್ನ ಫೋನಿಗೇ ಬಂತು. ವಿಭೂತಿ ಹಚ್ಚಿದ ಜಾಗ ಅದು. ನಿಮ್ಮ ತಂದಿ ಹಣಿ ಮ್ಯಾಲೆ ಇಡ್ತಿದ್ರೇನು?”

“ನಮ್ಮ ತಂದೀನ ನಾನು ಗಾಜಿಗೆ ಅಂಟಿಸಿದ್ದಿಲ್ರಿ,” ಎಂದ ವೆಂಕಟೇಶ. ಒಳ್ಳೆಯ ಉತ್ತರವೇ. ಆದರೆ ಹೇಳುವಾಗ ಬ್ಲೇಡು ಅವನ ಕೈಯಲ್ಲೇ ಇತ್ತು.

“ಅಲ್ಲೋ ಬಸವರಾಜಾ, ಏನು ಹಚ್ಚಿ ಅಂಟಿಸಿದ್ಯಪಾ ಇದನ್ನ?” ವಿರೂಪಾಕ್ಷಿ ಕೇಳಿದ. ಇಷ್ಟು ದಿನದಲ್ಲಿ ಓಣಿಯಿಂದ ಹೊರಟ ಮೊದಲ ಉಪಯೋಗದ ಪ್ರಶ್ನೆ.

ದೊಡ್ಡಬಸವರಾಜ ಎದೆಯುಬ್ಬಿಸಿದ. “ಬರೇ ಸ್ಟಿಕ್ಕರು ನಮ್ಮ ಬಿಸಿಲಿಗೆ ಎದ್ದು ಬರ್ತಿತ್ರಿ. ಅದಕ್ಕ ಅಂಗಡ್ಯಾಗಿನ ಪೈಪ್ ಅಂಟಿಸೋ ಸೊಲ್ಯೂಷನ್ ಹಚ್ಚೀನಿ. ಬೋರ್‌ವೆಲ್ಲಿನ ಪೈಪ ಬಿಡಂಗಿಲ್ಲ, ಅಪ್ಪ ಹೆಂಗ ಬಿಡ್ತಾನ? ಮೀಸಿ ತುದಿ ಭಾಳ ಎದ್ದೇಳ್ತಿತ್ತು. ಅಲ್ಲಿ ಮಾತ್ರ ಒಂದು ಡಬ್ಬಿ ಪೂರಾ ಸುರುವೀನಿ.”

“ಆರಾಮ ಬರ್ತೈತಿ ಅಂದಿದ್ರಲ್ರಿ ನನಗ,” ಎಂದ ವೆಂಕಟೇಶ.

“ಬರ್ತೈತಿ ಅಂತ ನಾ ಅನಕೊಂಡಿದ್ದೆ. ನಾನೇನು ತಗದು ನೋಡೀನೇನು?”

ಗುರುಬಸಮ್ಮ ಎದ್ದು ನಿಂತರು. “ಕಳಸೋದಾದ್ರ ಕಳಸ್ರಿ. ಬ್ಯಾಡ ಅನ್ನಂಗಿಲ್ಲ. ಆದ್ರ ಎಣ್ಣಿ ಹಚ್ಚಿ, ನೀರು ಹಾಕಿ, ಮನಷಾರಂಗ ಕಳಸ್ರಿ. ನಾನೇ ಹಾಕ್ತೀನಿ. ಒಂದು ಬಟ್ಟಲು ಎಣ್ಣಿ ಕೊಡಸ್ರಿ.”

ಅಡುಗೆಮನೆಯ ಎಣ್ಣೆ ಹೊರಗೆ ಬರುವುದಿಲ್ಲ ಎಂದು ವೆಂಕಟೇಶನಿಗೆ ಗೊತ್ತಿತ್ತು. ಸಂಡಿಗೆ ಕರಿದುಳಿದ ಎಣ್ಣೆಯನ್ನು ಕೇಳಿದ್ದಕ್ಕೇ ತಾಯಿ ಅವನನ್ನು ಒಂದು ಹೊತ್ತು ಮಾತಾಡಿಸಿರಲಿಲ್ಲ. ಆದರೆ ಸರಸ್ವತಿಬಾಯಿ ಒಳಗೆ ಹೋಗಿ, ಕೊಬ್ಬರಿ ಎಣ್ಣೆಯ ಬಟ್ಟಲನ್ನು ತಾವೇ ಬಿಸಿ ಮಾಡಿ ತಂದರು. ಬಚ್ಚಲ ಹಂಡೆಯಿಂದ ಕುದಿಯುವ ನೀರೂ ಬಂತು.

“ಅಮ್ಮಾ, ನಾ ಕೇಳಿದಾಗ…”

“ನೀ ಕೇಳಿದ್ದು ಗಾಜಿಗೆ,” ಎಂದರು ಸರಸ್ವತಿಬಾಯಿ. “ಆಕಿ ಕೇಳಿದ್ದು ಗಂಡಗ.”

ಬಳ್ಳಾರಿಯ ಬಿಸಿಲು ನೆತ್ತಿಗೆ ಬಂದಿತ್ತು. ಇಬ್ಬರು ಮುದುಕಿಯರು ಕಾರಿನ ಹಿಂದೆ ನಿಂತು, ಕಾದ ಗಾಜಿನ ಮೇಲೆ ಎಣ್ಣೆ ಹಚ್ಚಿ ತಟ್ಟಿದರು, ತಿಕ್ಕಿದರು, ಬಿಸಿನೀರಲ್ಲಿ ಅದ್ದಿದ ಬಟ್ಟೆ ಹೊದಿಸಿದರು. ನಡುನಡುವೆ ಯಾರ ಗಂಡ ಸ್ನಾನಕ್ಕೆ ಹೆಚ್ಚು ಸತಾಯಿಸುತ್ತಿದ್ದ, ಯಾರ ಗಂಡ ಸೀಗೆಪುಡಿ ಕಣ್ಣಿಗೆ ಹೋದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದ ಎಂಬ ಮಾತು. ಕಾರಿನ ಯಜಮಾನ ಎನಿಸಿಕೊಂಡವನು ಬಕೆಟ್ಟು ಹೊರುತ್ತಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ. “ಆಕಡೆ ಸರೀರಿ” ಎಂದು ಮಾತ್ರ ಎರಡು ಮೂರು ಸಲ ಅಂದರು.

ಆಗ, ಇಷ್ಟು ದಿನ ಜಗ್ಗದ ಬಲಗಿವಿ ಸದ್ದಿಲ್ಲದೆ ಎದ್ದು ಬಂತು. ಹಿಂದೆಯೇ ಕೆನ್ನೆ, ಕಣ್ಣು, ಹಣೆ, ವಿಭೂತಿ, ಎಲ್ಲ ಒಂದು ದೋಸೆ ಎದ್ದಂತೆ ಬಂದವು. ಗುರುಬಸಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಡಚದೆ ಮಗನಿಗೆ ಕೊಟ್ಟರು. ಗಾಜು ಸ್ವಚ್ಛವಾಯಿತು. ನಡುಮಧ್ಯೆ ಮೀಸೆಯೊಂದು ಉಳಿಯಿತು, ಮುಖವಿಲ್ಲದೆ, ಎರಡೂ ತುದಿ ಮೇಲಕ್ಕೆ ತಿರುವಿಕೊಂಡು.

ವೆಂಕಟೇಶ ಬ್ಲೇಡು ಹಿಡಿದು ಮುಂದೆ ಬಂದ.

“ಮುಟ್ಟಬ್ಯಾಡ್ರಿ,” ಎಂದರು ಗುರುಬಸಮ್ಮ. “ಲಗ್ನ ಆದಾಗಿಂದ ಆ ಮೀಸಿಗೆ ನನಗೂ ಕೈ ಹಚ್ಚಗೊಟ್ಟಿಲ್ಲ ಅವರು. ಬರೋದಿದ್ರ ಅವರೇ ಬರ್ತಿದ್ರು. ಇರ್ತೀನಂತಾರ, ಇರ್ಲಿ.”

“ಗಾಜು ನಂದ್ರಿ.”

“ಇರಲಿ ಬಿಡೋ,” ಎಂದರು ಸರಸ್ವತಿಬಾಯಿ. “ಒಂದು ಮೀಸಿ ನಿನಗೇನು 'ಅನ್ನ ಹಾಕು' ಅಂತದ?”

ಸ್ವಂತ ತಾಯಿ. ವೆಂಕಟೇಶ ಸುಮೇಧಾಳ ಕಡೆ ನೋಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಅಂಗಿ ಬದಲಿಸಲು ಹೊತ್ತೇ ಉಳಿದಿರಲಿಲ್ಲ. ಹೊರಡುವಾಗ ಗುರುಬಸಮ್ಮ “ಹೆಂಗೂ ಗಾಡಿ ಐತಿ, ನಮ್ಮನ್ನ ಕುರುಗೋಡದಾಗ ಇಳಿಸಿ ಹೋಗ್ರಿ,” ಎಂದು ಹಿಂದೆ, ಮೀಸೆಯ ಕೆಳಗೆ, ಸರಸ್ವತಿಬಾಯಿಯ ಪಕ್ಕ ಕುಳಿತರು. ನೇರ ಸಿರುಗುಪ್ಪಕ್ಕೆ ಹೋಗುವುದು ಬಿಟ್ಟು ವೆಂಕಟೇಶ ಕುರುಗೋಡಿನ ದಾರಿ ಹಿಡಿದ. ಕುರುಗೋಡಿನಲ್ಲಿ ಕಾರು ನಿಂತದ್ದೇ ಜನ ಕೂಡಿದರು. ಮುಖ ಬೇಕಾಗಿರಲಿಲ್ಲ, ಆ ಮೀಸೆಯನ್ನು ಆ ಊರು ಕತ್ತಲೆಯಲ್ಲೂ ಗುರುತಿಸುತ್ತಿತ್ತು. ಎರಡನೇ ಸಾವಿಗೆಂದು ತಂದು ಉಳಿದಿದ್ದ ಹಾರಗಳಲ್ಲಿ ಒಂದನ್ನು ಯಾರೋ ಹಿಂದಿನ ಗಾಜಿನ ಮೇಲೆ ಹಾಕಿದರು. ಬೇಡವೆನ್ನಲು ವೆಂಕಟೇಶ ಕಿಟಕಿಯಿಂದ ಕೈ ಹೊರಹಾಕಿದ. ಅವರು ಆ ಕೈಗೆ ಬಾಳೆಹಣ್ಣು ಕೊಟ್ಟರು.

ಅಲ್ಲಿಂದ ಸಿರುಗುಪ್ಪದವರೆಗೆ ಅವನದು ಮೆರವಣಿಗೆ. ಭತ್ತದ ಗದ್ದೆಯ ಬದುವಿನ ಮೇಲಿನವರು ಕೈ ಎತ್ತಿದರು. ಬೈಕಿನವರು ಹಿಂದೆ ಬಂದು ಗಾಜಿಗೆ ನಮಸ್ಕಾರ ಹಾಕಿ ಮುಂದೆ ಹೋದರು. ಮುಂದೆ ಬಂದವರು ಯಾರೂ ಚಾಲಕನ ಮುಖ ನೋಡಲಿಲ್ಲ. ವೆಂಕಟೇಶ ಹಲ್ಲು ಕಚ್ಚಿಕೊಂಡು, ಬಾಗಿಲು ಧಡ್ ಎನ್ನುವ ಕ್ಷಣವೊಂದನ್ನೇ ನೆನೆಯುತ್ತ ಗಾಡಿ ಓಡಿಸಿದ.

ಸುಜಯೀಂದ್ರನ ಮನೆ ಮುಂದೆ ಚಪ್ಪರದಲ್ಲಿ ಜನ ತುಂಬಿದ್ದರು. ಕಾರು ನಿಂತಿತು. ಸರಸ್ವತಿಬಾಯಿ ಮೈಲಿಗೆಯಾಯಿತೆಂದು ಯಾರನ್ನೂ ಮುಟ್ಟಿಸಿಕೊಳ್ಳದೆ ನೇರ ಬಚ್ಚಲಿಗೆ ಹೋದರು. ಸುಮೇಧಾಳನ್ನು ಹೆಂಗಸರು ಕೈಹಿಡಿದು ಒಳಗೆ ಎಳೆದುಕೊಂಡರು. ವೆಂಕಟೇಶ ಇಳಿದು, ಉಸಿರು ಬಿಗಿಹಿಡಿದು, ಬಾಗಿಲನ್ನು ಬೀಸಿ ಹಾಕಿದ.

ಅದು ಧಡ್ ಎನ್ನಲಿಲ್ಲ. ಥಿನ್ನರ್ ಚೆಲ್ಲಿದ ದಿನ ಬಾಗಿಲಿನ ರಬ್ಬರೂ ಒಂದಷ್ಟು ಕುಡಿದು ಮೆತ್ತಗಾಗಿತ್ತು. ಪಚ್ ಎಂದಿತು.

ಬಾಳೆ ಎಲೆಯ ಹೊರೆ ಇಳಿಸುತ್ತಿದ್ದ, ಪಕ್ಕದ ರಾರಾವಿ ಊರಿನ ಚಿನ್ನಪ್ಪ ಓಡಿ ಬಂದು ಹಿಂದಿನ ಗಾಜಿಗೆ ಕೈಮುಗಿದ. ಆಮೇಲೆ ಎಣ್ಣೆಯ ಕೈ, ಮಸಿಯ ಅಂಗಿ, ಔಷಧದ ವಾಸನೆಯ ವೆಂಕಟೇಶನನ್ನು ನೋಡಿ, “ಸಾವ್ಕಾರ್ರು ಹೋದ ಮ್ಯಾಲೆ ಗಾಡಿ ನೀನು ನಡಸ್ತೀಯೇನಪಾ? ಛಲೋ ಆತು ಬಿಡು,” ಎಂದ.

ರೇಷ್ಮೆಯ ಮಗುಟ ಉಟ್ಟಿದ್ದ ಸುಜಯೀಂದ್ರ ನಾಲ್ಕು ಜನ ನೆಂಟರೊಡನೆ ಹೊರಗೆ ಬಂದ. ಕಾರನ್ನು ನೋಡಿದ. ಡಿಕ್ಕಿಯ ಮೇಲೆ ಹರಿದ ತುಂಗಭದ್ರೆಯನ್ನು ನೋಡಿದ. ಹಾರ ಹಾಕಿಕೊಂಡ ಮೀಸೆಯನ್ನು ಬಹಳ ಹೊತ್ತು ನೋಡಿದ.

“ಯಾರ ಗಾಡೀಲೆ ಬಂದ್ರಿ ಭಾವಾ?”

ಇಷ್ಟು ವರ್ಷದಲ್ಲಿ ಪ್ರಶ್ನೆ ಬದಲಾದದ್ದು ಅದೇ ಮೊದಲು. ವೆಂಕಟೇಶ ಬಾಯಿ ತೆರೆದ.

“ಕುರುಗೋಡ ತಿಪ್ಪೇರುದ್ರಪ್ಪನವರದು ಸ್ವಾಮೀ,” ಎಂದ ಚಿನ್ನಪ್ಪ. “ಈ ಮೀಸಿ ಗೊತ್ತಿಲ್ಲದವರು ಯಾರದಾರ?”

“ಹೌದ್ಹೌದು,” ಎಂದು ಸುಜಯೀಂದ್ರ ನೆಂಟರ ಕಡೆ ತಿರುಗಿದ. “ಅವತ್ತ ಫೋನಿನೊಳಗ ಭಾವನೇ ಹೇಳಿದ್ರು, ಯಾರದೋ ಗಾಡಿ ಅಂತ. ಪಾಪ, ಮಂದಿ ಗಾಡಿ ಕೇಳಿಕೊಂಡು ಬರೋದು ಯಾಕ ಬೇಕಿತ್ತು. ಬಸ್ಸಿಗೇ ಬರಬಹುದಿತ್ತಲ್ಲ.”

ನೆಂಟರು ಕನಿಕರದಿಂದ ತಲೆಯಾಡಿಸಿದರು. ಅಡುಗೆಯವರ ಕಡೆಯವನೊಬ್ಬ ಬಂದು, ಗಾಡಿಯನ್ನು ಕಟ್ಟಿಗೆಯ ಹತ್ತಿರ ಹಿಂದಕ್ಕೆ ಹಚ್ಚು, ಡ್ರೈವರುಗಳ ಊಟ ಕಡೇ ಪಂಕ್ತಿಗೆ ಎಂದು ಹೇಳಿ ಹೋದ.

ವೆಂಕಟೇಶ ಸುಮೇಧಾಳನ್ನು ಹುಡುಕಿದ. ಅವಳು ಒಳಗೆ ಹೂ ಮುಡಿಯುತ್ತಿದ್ದಳು. ತಾಯಿಯನ್ನು ಹುಡುಕಿದ. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಜನ ಆಗಲೇ ಚದುರುತ್ತಿದ್ದರು. ಅವನು ಕಾರಿನ ಬಾಗಿಲಿನ ಮೇಲೆ ಕೈಯಿಟ್ಟುಕೊಂಡು, ಚಪ್ಪರದ ಕಡೆ ಮುಖ ಮಾಡಿ ನಿಂತ.

“ಇದು ನನ್ನ ಗಾಡಿ ಅಂತ ಯಾರಾದ್ರೂ ಒಬ್ಬರು ಹೇಳ್ರಿ,” ಎಂದ.

ಚಪ್ಪರದಲ್ಲಿ ಯಾರೂ ತಿರುಗಿ ನೋಡಲಿಲ್ಲ.